ಇಲ್ಲದ ಜ್ವರದ ಹತ್ತು ದಿನ

ನನ್ನ ಗಂಡನಿಗೆ ಹತ್ತು ದಿನ ಜ್ವರ ಬಂದಿತ್ತು ಎಂದು ಊರಿಗೆ ಹೇಳಿದವಳು ನಾನು. ಅವರ ಮೈ ಒಂದು ದಿನವೂ ಬಿಸಿಯಾಗಿರಲಿಲ್ಲ. ತಮಗೆ ಜ್ವರ ಬಂದಿದೆ ಎಂಬ ಸುದ್ದಿ ಅವರಿಗೇ ಗೊತ್ತಿರಲಿಲ್ಲ. ಇಂಥ ಸುಳ್ಳನ್ನು ಬೇರೆ ಯಾರಾದರೂ ಹೇಳಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದೆ. ಹೇಳಿದವಳು ನಾನೇ ಆದ್ದರಿಂದ ಕೂತು ಬರೆಯುತ್ತಿದ್ದೇನೆ.

ನಾನು ಗೋದುಬಾಯಿ, ವಯಸ್ಸು ಅರವತ್ತೆರಡು. ಗಂಡನ ಹೆಸರನ್ನು ಬಾಯಿಂದ ಹೇಳುವ ರೂಢಿ ನಮ್ಮಲ್ಲಿಲ್ಲ, ಬರೆದರೆ ಅಡ್ಡಿಯಿಲ್ಲ: ಮಲಕಪ್ಪ. ಬೈಲಹೊಂಗಲ ಕಡೆಯಿಂದ ದಾಂಡೇಲಿಗೆ ಬಂದು ಮೂವತ್ತನಾಲ್ಕು ವರ್ಷ ಕಾಗದದ ಮಿಲ್ಲಿನಲ್ಲಿ ಮಷೀನಿನ ಮುಂದೆ ನಿಂತು ನಿವೃತ್ತರಾದವರು. ಕಳೆದ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ರೊಟ್ಟಿ ಮುರಿದವರು ಬಾಯಿಗಿಡಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ನೋಡಿದರು. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ. ಧಾರವಾಡದ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಎರಡು ಸ್ಪ್ರಿಂಗ್ ಹಾಕಿದರು. ಜೀವ ಉಳಿಯಿತು.

ಆಮೇಲೆ ಹನ್ನೆರಡು ವಾರ ಅದೇ ಆಸ್ಪತ್ರೆಯಲ್ಲಿ ವ್ಯಾಯಾಮದ ಕ್ಲಾಸು. ವಾರಕ್ಕೆ ಎರಡು ಸಲ ಹಳಿಯಾಳದ ಮೇಲೆ ಬಸ್ಸು ಹಿಡಿದು ಹೋಗುತ್ತಿದ್ದೆವು. ಪೂರ್ಣಿಮಾ ಎಂಬ ಹುಡುಗಿ, ನಮ್ಮ ಮಗಳು ಸಹನಾಳ ವಾರಿಗೆಯವಳು, ಇವರ ಎದೆಗೆ ವೈರು ಅಂಟಿಸಿ ಓಡುವ ಪಟ್ಟಿಯ ಮೇಲೆ ನಡೆಸುತ್ತಿದ್ದಳು. ನಾನು ಗಾಜಿನ ಆಚೆ ಕುರ್ಚಿಯಲ್ಲಿ. ಟೀವಿಯಲ್ಲಿ ಹಸಿರು ಗೆರೆ ಕುಣಿಯುತ್ತಿತ್ತು. ಅದು ಕುಣಿಯುವವರೆಗೆ ನಾನು ನಿರಾಳ. ಒಂದೊಂದು ಸಲ ತೂಕಡಿಸಿದ್ದೂ ಇದೆ.

ಅಕ್ಟೋಬರದಲ್ಲಿ ಕ್ಲಾಸು ಮುಗಿಯಿತು. ಪೂರ್ಣಿಮಾ ವೈರು ಕಿತ್ತು, ಇವರ ಬೆನ್ನು ತಟ್ಟಿ, "ಇನ್ನ ಮ್ಯಾಲ ದಿನಾ ನಲವತ್ತು ಮಿನಿಟ್ ನಡೀಬೇಕ್ರಿ ಕಾಕಾ. ಇಲ್ಲಿ ಕಲ್ತದ್ದು ಮನ್ಯಾಗ ಬಿಟ್ಟರ ಎದಿ ಮತ್ತ ಸೋಲ್ತೈತಿ," ಅಂದಳು.

ನಾನು ಕೇಳಿದೆ, "ವೈರು, ಟೀವಿ ಇಲ್ದ ಹೆಂಗ ನಡೀಬೇಕವಾ?"

ಆಕೆ ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ಮನೆಗೆ ಬಂದ ಮೇಲೆ ಇವರು ನಡೆಯಲೇ ಇಲ್ಲ. ಬೂಟು ಹಾಕಿಕೊಂಡು ಬಾಗಿಲ ತನಕ ಹೋಗಿ, ಹೊಸ್ತಿಲ ಮೇಲೆ ನಿಂತು, ಬಿಸಿಲೆಂದೋ ಮಂಜೆಂದೋ ನೆವ ಹೇಳಿ ತಿರುಗಿ ಬರುತ್ತಿದ್ದರು. ಅಂಜಿಕೆ ಎಂಬ ಶಬ್ದವನ್ನು ಇಬ್ಬರೂ ಆಡುತ್ತಿರಲಿಲ್ಲ. ಮನೆಯೊಳಗೆ ಮಾತ್ರ ಅದು ಮೂರನೆಯವರ ಹಾಗೆ ನಮ್ಮ ಜೊತೆ ಕೂತಿರುತ್ತಿತ್ತು.

ದಾರಿ ಹುಡುಕಿದವರು ಜ್ಯೋತಿಬಾ. ಇವರ ಜೊತೆ ಒಂದೇ ಮಷೀನಿನಲ್ಲಿ ದುಡಿದವರು, ನಮ್ಮ ಪಕ್ಕದ ಓಣಿಯಲ್ಲೇ ಮನೆ. ಮಿಲ್ಲಿನಲ್ಲಿ ಒಂದು ನೇಮವಿತ್ತು. ಮಷೀನು ಹಗಲೂ ರಾತ್ರಿ ಓಡುವುದು, ಆದ್ದರಿಂದ ಬದಲಿ ಆಳು ಬಂದು ಎದುರಿಗೆ ನಿಲ್ಲುವ ತನಕ ಪಾಳಿ ಮುಗಿದವನು ಜಾಗ ಬಿಡುವಂತಿಲ್ಲ. ಬದಲಿ ಬಂದರೆ ಚಾರ್ಜ್ ಕೊಟ್ಟು ಮನೆಗೆ. ಬರದಿದ್ದರೆ ಅಲ್ಲೇ ಇನ್ನೊಂದು ಪಾಳಿ.

"ನಿನ್ನನ್ನೂ ಹಂಗ ನಡಸ್ತೇವಿ," ಅಂದರು ಜ್ಯೋತಿಬಾ. "ನನ್ನ ಮೊಣಕಾಲು ಈರೇಶನ ಚಾದಂಗಡಿ ತನಕ ತಡೀತಾವ. ಅಲ್ಲಿಂದ ಹೊಳಿ ಸೇತುವಿಗಿ ಹೋಗಿ ಬರೂ ಪಾಳಿ ಲಗಮಪ್ಪಂದು. ತಿರುಗಿ ಮನಿಗಿ ನಾ ತರ್ತೇನಿ. ಚಾರ್ಜ್ ಕೊಡದ ಯಾರೂ ನಿನ್ನ ಬಿಡಂಗಿಲ್ಲ."

ಲಗಮಪ್ಪನೂ ಅದೇ ಮಷೀನಿನವನು, ಇವರಿಗಿಂತ ನಾಲ್ಕು ವರ್ಷ ಚಿಕ್ಕವನು. ಮರುದಿನದಿಂದಲೇ ಶುರುವಾಯಿತು. ಬೆಳಿಗ್ಗೆ ಆರಕ್ಕೆ ಜ್ಯೋತಿಬಾ ಬಾಗಿಲಲ್ಲಿ. ಚಹದಂಗಡಿಯಲ್ಲಿ ಲಗಮಪ್ಪ ಎದ್ದು ನಿಂತು ಗಂಭೀರವಾಗಿ ಕೇಳುವುದು, "ಮಷೀನ್ ಹೆಂಗೈತಿ?" ಜ್ಯೋತಿಬಾ ಹೇಳುವುದು, "ಕಾದಿಲ್ಲ, ಅದುರೂದಿಲ್ಲ, ಸಪ್ಪಳ ಸರಿ ಐತಿ. ತಗೊ ಚಾರ್ಜ್." ಅರವತ್ತು ದಾಟಿದ ಮೂವರು ಗಂಡಸರು ನಡುಬೀದಿಯಲ್ಲಿ ಹೀಗೆ ಆಡುತ್ತಿದ್ದರೆ ಈರೇಶ ಚಹ ಸೋಸುವುದು ಬಿಟ್ಟು ನಗುತ್ತಿದ್ದನಂತೆ. ಇವರು ಮನೆಗೆ ಬಂದು ನನಗೆ ಅದನ್ನೆಲ್ಲ ಹೇಳುವರು. ಎರಡು ರೊಟ್ಟಿ ತಿನ್ನುವಲ್ಲಿ ಮೂರು ತಿನ್ನತೊಡಗಿದರು. ಹದಿನೈದು ದಿನದಲ್ಲಿ ಇವರ ಮುಖಕ್ಕೆ ಹಳೆಯ ಬಣ್ಣ ಬಂತು.

ನನಗೆ ಮಾತ್ರ ಆ ನಲವತ್ತು ಮಿನಿಟು ಅಂದರೆ ನರಕ. ಒಲೆಯ ಮೇಲೆ ಹಾಲಿಟ್ಟರೆ ಉಕ್ಕಿಸುತ್ತಿದ್ದೆ. ರಸ್ತೆಯಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ಸಾಕು, ಸುದ್ದಿ ಬಂತು ಅಂದುಕೊಂಡು ಹೊರಗೆ ಓಡುತ್ತಿದ್ದೆ. ಅದರ ಮೇಲೆ ಮಾತಾಡಿಸಲು ಬರುವವರ ಕಾಟ. ನಮ್ಮ ಕಡೆ ಕಾಯಿಲೆ ಬಿದ್ದವರನ್ನು ಮಾತಾಡಿಸಿ ಬರದಿದ್ದರೆ ಮರ್ಯಾದೆಯಲ್ಲ. ಬರುವವರು ಅರ್ಧ ಡಜನ್ ಬಾಳೆಹಣ್ಣು ತರುತ್ತಾರೆ, ಜೊತೆಗೆ ಒಬ್ಬ ಸತ್ತವನ ಕಥೆಯನ್ನೂ ತರುತ್ತಾರೆ. ಹಳೆಯ ನೆರೆಯವಳು ತಾಯವ್ವ ನವೆಂಬರದಲ್ಲಿ ಬಂದವಳು, ಇವರು ಬಚ್ಚಲಿಗೆ ಹೋದದ್ದನ್ನು ನೋಡಿ ದನಿ ತಗ್ಗಿಸಿದಳು.

"ತೇರಗಾಂವದಾಗ ನಮ್ಮ ಬೀಗರೊಬ್ಬರು ಹಿಂಗ ನಡಕೊಂಡ ಹೋದವರು ಬರಲೇ ಇಲ್ಲ ನೋಡವಾ. ಗದ್ದಿ ಒಡ್ಡಿನ ಮ್ಯಾಲ ಬಿದ್ದಿದ್ರಂತ. ಬೂಟು ಕಾಲಾಗ ಹಂಗ ಇದ್ದುವಂತ."

ಬಾಳೆಹಣ್ಣು ಇಟ್ಟು, ಚಹ ಕುಡಿದು ಹೋದಳು. ಅವಳಿಗೇನು! ನನಗೆ ಮಾತ್ರ ಆ ಬೂಟು ಕಣ್ಣಿಗೆ ಕಟ್ಟಿತು. ಮರುದಿನ ಇವರು ನಡೆದು ಬಂದಾಗ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಗುಂಡಿ ಬಿಚ್ಚಲು ಎದೆಯ ಮೇಲೆ ಕೈ ಇಟ್ಟರು. ಅಷ್ಟೇ. ಗುಂಡಿ ಬಿಚ್ಚಿದರು, ಅಂಗಿ ತೆಗೆದರು, ಸ್ನಾನಕ್ಕೆ ಹೋದರು. ಆದರೆ ಕೈ ಎದೆಗೆ ಹೋದ ಆ ಒಂದು ಗಳಿಗೆಯಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಇನ್ನೊಂದು ಸಲ ನಾನು ತಡೆಯಲಾರೆ ಅನಿಸಿತು.

ಮಿಲ್ಲಿನಲ್ಲಿ ಇನ್ನೂ ಒಂದು ರೂಢಿಯಿತ್ತು. ಆಳು ಬರಲಾಗದ ದಿನ ಅವನ ಹೆಂಡತಿ "ಜ್ವರ ಬಂದೈತಿ" ಎಂದು ಯಾರ ಕೈಯಲ್ಲಾದರೂ ಹೇಳಿ ಕಳಿಸಿದರೆ ಸಾಕು. ಮನೆಯಿಂದ ಬಂದ ಮಾತನ್ನು ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ. ಗಂಡನ ಮೈಮೇಲೆ ಇಲ್ಲದ ರೋಗ ಹೇಳುವ ಹೆಂಗಸು ಇರುತ್ತಾಳೆಯೇ?

ಇದ್ದಳು. ಮರುದಿನ ಬೆಳಿಗ್ಗೆ ಐದೂವರೆಗೆ, ಇವರು ಹಲ್ಲುಜ್ಜುತ್ತಿದ್ದಾಗ, ಜ್ಯೋತಿಬಾಗೆ ಫೋನು ಮಾಡಿದೆ. "ಭಾವಾರ, ಇವರಿಗೆ ಜ್ವರ ಬಂದೈತ್ರಿ. ಇವತ್ತ ಬರಬ್ಯಾಡ್ರಿ."

"ಅಯ್ಯ, ಆರಾಮ ಮಾಡ್ಲಿ ವೈನಿ. ಲಗಮಪ್ಪಗೂ ನಾ ಹೇಳ್ತೇನಿ."

ಇವರು ಬೂಟು ಹಾಕಿಕೊಂಡು ಬಂದಾಗ ಹೇಳಿದೆ, "ಜ್ಯೋತಿಬಾ ಅವರ ಫೋನ್ ಬಂದಿತ್ತು. ಮೊಣಕಾಲು ಬಾತೈತಂತ. ಇವತ್ತ ಯಾರೂ ಬರಂಗಿಲ್ಲ."

"ಲಗಮಪ್ಪ?"

"ಅವಂಗೂ ಏನೋ ಕೆಲಸಂತ."

ಇವರು ಬೂಟು ಬಿಚ್ಚಿ ಗೋಡೆಗೆ ತಾಗಿಸಿ ಇಟ್ಟರು. ಆ ನಲವತ್ತು ಮಿನಿಟು ನನ್ನ ಕಣ್ಣೆದುರಿಗೆ ಕುರ್ಚಿಯ ಮೇಲೆ ಕೂತಿದ್ದರು. ಎಷ್ಟು ಹಾಯೆನಿಸಿತು ಅಂದರೆ ಅಂದು ಶಿರಾ ಮಾಡಿದೆ, ಸಕ್ಕರೆ ಕಮ್ಮಿ ಹಾಕಿ.

ಒಂದೇ ದಿನ ಅಂದುಕೊಂಡಿದ್ದೆ. ಎರಡನೆಯ ದಿನ ಜ್ಯೋತಿಬಾ ತಾವೇ ಕೇಳಿದರು, ಜ್ವರ ಇಳಿಯಿತೇ ಎಂದು. ಇಲ್ಲ ಅಂದುಬಿಟ್ಟೆ. ಮೂರನೆಯ ದಿನ ಅವರು ಸ್ಕೂಟರ್ ತೆಗೆದುಕೊಂಡು ಗೇಟಿಗೆ ಬಂದರು. ಇವರು ಬಚ್ಚಲಲ್ಲಿ ನೀರು ಹಾಕಿಕೊಳ್ಳುತ್ತಿದ್ದರು. "ಈಗ ಕಣ್ಣ ಮುಚ್ಯಾರ್ರಿ, ಎಬ್ಬಸೂದು ಬ್ಯಾಡ," ಅಂದೆ. ಪಾಪ, ಚಪ್ಪಲಿ ಸಪ್ಪಳವಾಗದಂತೆ ತಿರುಗಿ ಹೋದರು. ಒಳಗೆ ಬಂದರೆ ಇವರು ಟಾವೆಲ್ಲು ಸುತ್ತಿಕೊಂಡು ನಿಂತಿದ್ದರು.

"ಯಾರದ ಗಾಡಿ?"

"ಹಾಲಿನವ," ಅಂದೆ.

ಆಮೇಲೆ ಇವರಿಗೆ ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ. ಇವರು ಕೇಳುವುದನ್ನೇ ಬಿಟ್ಟರು. ಜ್ಯೋತಿಬಾ ಫೋನು ಮಾಡಿದಾಗಲೆಲ್ಲ ಜ್ವರ ಇನ್ನೂ ಇಳಿದಿಲ್ಲ ಅನ್ನುತ್ತಿದ್ದೆ. ನಾಲ್ಕನೆಯ ದಿನದಿಂದ ಗಡ್ಡ ಕೆರೆಯಲಿಲ್ಲ. ಆರನೆಯ ದಿನ ತಾಟನ್ನು ಮಂಚಕ್ಕೇ ತರಲು ಹೇಳಿದರು. ಎಂಟನೆಯ ದಿನ ಬಚ್ಚಲಿನ ಎರಡು ಮೆಟ್ಟಿಲು ಏರಿ ಬಾಗಿಲ ಚೌಕಟ್ಟು ಹಿಡಿದು ಉಸಿರು ಬಿಟ್ಟರು. ಪಟ್ಟಿಯ ಮೇಲೆ ಅರ್ಧ ತಾಸು ನಡೆದ ಮನುಷ್ಯ! ನೋಡಿದೆ. ನೋಡಿಯೂ ಏನಂದುಕೊಂಡೆ? ಸದ್ಯ, ಮನೆಯಲ್ಲಿರುವಾಗಲೇ ಹೀಗಾಯಿತಲ್ಲ, ರಸ್ತೆಯಲ್ಲಿ ಆಗಿದ್ದರೆ ಏನು ಗತಿ ಅಂದುಕೊಂಡೆ. ಅಂಜಿದವರ ಬುದ್ಧಿ ಎಲ್ಲಿ ಹೋಗಿ ನಿಲ್ಲುತ್ತದೆ ನೋಡಿ.

ಒಂಬತ್ತನೆಯ ದಿನ ಪೂರ್ಣಿಮಾ ಧಾರವಾಡದಿಂದ ಫೋನು ಮಾಡಿದಳು. "ಕಾಕಾ ಎಷ್ಟು ಮಿನಿಟ್ ನಡ್ಯಾಕತ್ತಾರ್ರಿ?"

"ನಲವತ್ತು," ಅಂದೆ. ಇವರು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕೇಳಿಸಿಕೊಂಡರೋ ಇಲ್ಲವೋ, ತಿರುಗಲಿಲ್ಲ.

ಹತ್ತು ದಿನ ಕಳೆದ ಮರು ಬೆಳಿಗ್ಗೆ ನನಗೆ ಎಚ್ಚರವಾದಾಗ ಆರು ದಾಟಿತ್ತು. ಮಂಚ ಖಾಲಿ. ಬಚ್ಚಲು ಖಾಲಿ. ಹಿತ್ತಲಲ್ಲಿ ಇಲ್ಲ. ಮುಂಬಾಗಿಲ ಅಗಳಿ ತೆಗೆದಿತ್ತು. ಗೋಡೆಯ ಬದಿಗೆ ಬೂಟು ಇರಲಿಲ್ಲ.

ನಮ್ಮಿಬ್ಬರಿಗೂ ಇದ್ದ ಒಂದೇ ಫೋನು ದಿಂಬಿನ ಹತ್ತಿರವೇ ಇತ್ತು. ನಾಲಿಗೆಯ ಕೆಳಗಿಡುವ ಗುಳಿಗೆಯ ಡಬ್ಬಿಯೂ ಅಲ್ಲೇ ಇತ್ತು. ಹೊರಗೆ ಹೋಗುವಾಗ ಅದು ಜೇಬಿನಲ್ಲಿರಲೇಬೇಕೆಂದು ಪೂರ್ಣಿಮಾ ನೂರು ಸಲ ಹೇಳಿದ್ದಳು. ಡಬ್ಬಿ ಕೈಗೆತ್ತಿಕೊಂಡೆ. ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಹಾಗೇ ಬೀದಿಗೆ ಬಿದ್ದೆ.

ಈಗ ನಾಚಿಕೆಗೇಡಿನ ಒಂದು ಮಾತು ಹೇಳಬೇಕು. ಜ್ಯೋತಿಬಾ ಅವರ ಮನೆ ಪಕ್ಕದ ಓಣಿಯಲ್ಲಿ, ಸ್ಕೂಟರ್ ಬಾಗಿಲಲ್ಲೇ ನಿಂತಿರುತ್ತದೆ. ಕೂಗಿದ್ದರೆ ಐದು ಮಿನಿಟಿನಲ್ಲಿ ಇವರನ್ನು ಹಿಡಿಯಬಹುದಿತ್ತು. ನಾನು ಆ ಓಣಿಯ ಬಾಯಿಗೆ ಬಂದು, ಅವರು ಅಂಗಳದಲ್ಲಿ ನಿಂತದ್ದನ್ನು ನೋಡಿ, ಸೆರಗು ಮುಖಕ್ಕೆ ಎಳೆದುಕೊಂಡು ಹಿಂದಿನ ಗಟಾರದ ದಾರಿ ಹಿಡಿದೆ. ಸುಳ್ಳು ಹೊರಬೀಳುತ್ತದಲ್ಲ! ಗಂಡ ಎಲ್ಲಿ ಬಿದ್ದಿದ್ದಾನೋ ಗೊತ್ತಿಲ್ಲ, ಇವಳಿಗೆ ಮುಖ ಉಳಿಸಿಕೊಳ್ಳುವ ಚಿಂತೆ. ಆ ಸುತ್ತುದಾರಿಯಲ್ಲಿ ಎಷ್ಟು ಹೊತ್ತು ಕಳೆಯಿತೋ, ಆ ಹೊತ್ತಿಗಾಗಿ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ಮಂಜು ಬಿದ್ದಿತ್ತು. ಮಿಲ್ಲಿನ ವಾಸನೆ ಮಂಜಿನಲ್ಲಿ ಸಿಕ್ಕಿ ನೆಲಕ್ಕಿಳಿದಿತ್ತು. ಈರೇಶನ ಅಂಗಡಿಯಲ್ಲಿ ಸ್ಟೋವ್ ಭುಸುಗುಡುತ್ತಿತ್ತು.

"ಕಾಕೂ! ಕಾಕಾಗ ಆರಾಮ ಆತಲ್ಲರಿ. ಹತ್ತು ದಿನದ ಜ್ವರ ಅಂದ್ರ ಸಣ್ಣದೇನು?" ಅಂದ ಈರೇಶ.

"ಇಲ್ಲಿಂದ ಹೋದರೇನಪಾ?"

"ಈಗ ಹೋದ್ರು, ಹೊಳಿ ಕಡಿ. ಒಬ್ಬರ ಇದ್ರು. ಲಗಮಪ್ಪ ಕಾಕಾನ ಕರೀಲೇನು ಅಂದೆ. 'ಅವರು ಬರೂದಿಲ್ಲೋ, ಅವರಿಗೆ ಸಾಕಾಗೈತಿ,' ಅಂದ್ರು. ನನಗ ತಿಳೀಲಿಲ್ಲ." ಅವನ ನಗೆ ಇಳಿಯಿತು. "ಮಾರಿ ಬೆಳ್ಳಗಾಗಿತ್ರಿ ಕಾಕೂ. ಚಾ ಕುಡೀರಿ ಅಂದ್ರೂ ನಿಂದ್ರಲಿಲ್ಲ."

ಅವರಿಗೆ ಸಾಕಾಗಿದೆ. ಈ ಮಾತು ನನಗೆ ಸ್ಟೋವಿನ ಬೆಂಕಿಗಿಂತ ಹೆಚ್ಚು ತಾಗಿತು. ಹತ್ತು ದಿನ ಗೋಡೆ ನೋಡುತ್ತ ಇವರು ಯೋಚಿಸಿದ್ದು ಇದನ್ನು. ಗೆಳೆಯರಿಗೆ ತಾವು ಭಾರವಾದೆವು ಅಂದುಕೊಂಡಿದ್ದಾರೆ.

ಓಡಿದೆ. ಈ ವಯಸ್ಸಿನಲ್ಲಿ ಓಟ ಅಂದರೆ ಓಟವಲ್ಲ, ಎಡವುತ್ತ ಮುಂದೆ ಬೀಳುವುದು. ಇಳಿಜಾರಿನ ಬದಿಗೆ ಲಗಮಪ್ಪನ ಮನೆ. ಅವನು ಗೇಟಿನಲ್ಲಿ ಬೇವಿನ ಕಡ್ಡಿ ಜಗಿಯುತ್ತ ನಿಂತಿದ್ದ. ತಪ್ಪಿಸಿಕೊಳ್ಳಲು ಇಲ್ಲಿ ಬೇರೆ ದಾರಿ ಇರಲಿಲ್ಲ.

"ವೈನಿ, ಏನಾತ್ರಿ? ಜ್ವರ ಜಾಸ್ತಿ ಆತೇನು?"

"ಒಬ್ಬರ ಹೋಗ್ಯಾರ. ಗುಳಿಗಿ ಮನ್ಯಾಗ ಬಿಟ್ಟು ಹೋಗ್ಯಾರ."

"ಜ್ವರದಾಗ? ಒಬ್ಬರ?" ಕಡ್ಡಿ ಉಗುಳಿದ. "ನಾ ಈಗ ಹಿತ್ತಲದಿಂದ ಬಂದೆ, ಹೋದದ್ದು ನೋಡಲಿಲ್ಲ. ನೀವು ನಡೀರಿ, ಜ್ಯೋತಿಬಾಗ ಫೋನ್ ಮಾಡಿ ಗಾಡಿ ತರಸ್ತೇನಿ."

ಬೇಡ ಅನ್ನಲಿಲ್ಲ. ಬರಲಿ, ಎಲ್ಲರೂ ಬರಲಿ, ಎಲ್ಲ ಹೊರಬೀಳಲಿ, ಅವರೊಬ್ಬರು ಉಳಿದಿರಲಿ ಅಂದುಕೊಂಡು ಸೇತುವೆಯ ಕಡೆ ಓಡಿದೆ. ದಾರಿಯುದ್ದಕ್ಕೂ ಬದಿಯ ಹುಲ್ಲು ನೋಡುತ್ತಿದ್ದೆ. ಏನನ್ನು ಹುಡುಕುತ್ತಿದ್ದೆ ಅಂದರೆ ಬೂಟು. ನಿಂತ ಮನುಷ್ಯನನ್ನಲ್ಲ, ಬಿದ್ದವರ ಕಾಲಿನ ಬೂಟನ್ನು ನನ್ನ ಕಣ್ಣು ಹುಡುಕುತ್ತಿತ್ತು.

ಸೇತುವೆಯ ಮೇಲೆ ಜನ ಗುಂಪುಗೂಡಿದ್ದರು. ಎರಡು ಜೀಪು ನಿಂತಿದ್ದವು. ಹತ್ತು ಹನ್ನೆರಡು ಮಂದಿ ಕಟಾಂಜನಕ್ಕೆ ಬಾಗಿ ಕೆಳಗೆ ಹೊಳೆಯನ್ನು ನೋಡುತ್ತಿದ್ದರು. ಒಬ್ಬ ಕೈ ಚಾಚಿ ತೋರಿಸುತ್ತಿದ್ದ. ಒಬ್ಬಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು.

ಸೇತುವೆಯ ತುದಿಯ ಕಂಬ ಹಿಡಿದು ನಿಂತೆ. ಹೋಗಿ ನೋಡಬೇಕು, ಹೋಗಲಾಗಲಿಲ್ಲ. ನೋಡದೆ ಇರುವಷ್ಟು ಹೊತ್ತು ಅವರು ಬದುಕಿರುತ್ತಾರೆ ಅನಿಸಿತು. ಕಾಳಿ ಹೊಳೆ ಕೆಳಗೆ ಸುಮ್ಮನೆ ಹರಿಯುತ್ತಿತ್ತು. ಕಡೆಗೆ ಕಟಾಂಜನ ಹಿಡಿದು ಹಿಡಿದು ಗುಂಪಿನ ಹತ್ತಿರ ಹೋಗಿ ಒಬ್ಬ ಹುಡುಗಿಯ ಭುಜದ ಮೇಲಿಂದ ಕೆಳಗೆ ನೋಡಿದೆ. ಬಂಡೆಯ ಮೇಲೆ ನಾಲ್ಕು ನೀರುನಾಯಿ. ಒಂದು ಮೀನು ಹಿಡಿದು ಕಚ್ಚುತ್ತಿತ್ತು. ಪ್ರವಾಸಕ್ಕೆ ಬಂದವರು ಫೋಟೋ ಹೊಡೆಯುತ್ತಿದ್ದರು.

ಅಲ್ಲೇ ಕುಸಿದು ಕೂತೆ. ಪುಣೆ ಕಡೆಯ ಒಬ್ಬ ಹೆಂಗಸು ನೀರಿನ ಬಾಟಲಿ ಕೊಟ್ಟಳು. ವಯಸ್ಸಾದವರು ಯಾರಾದರೂ ಹೋದರೇ ಎಂದು ನನ್ನ ಹರಕು ಮರಾಠಿಯಲ್ಲಿ ಕೇಳಿದೆ. "ಆಜೋಬಾ? ಪುಢೆ ಗೇಲೆ," ಅಂತ ಹೊಳೆಯಾಚೆಯ ಕೋಗಿಲಬನದ ಊರಿನ ಕಡೆ ಕೈ ಮಾಡಿದಳು. ಅಜ್ಜ ಮುಂದೆ ಹೋದರಂತೆ. ಸೇತುವೆಗೆ ಬಂದು ತಿರುಗಬೇಕಾದವರು ಮುಂದೆ ಹೋಗಿದ್ದರು.

ಸೇತುವೆ ದಾಟಿ ರಸ್ತೆ ತಿರುಗುವಲ್ಲಿ ಕಂಡರು. ಒಂದು ಸಾಗವಾನಿ ಮರವನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದರು. ಹಣೆ ಮರದ ತೊಗಟೆಗೆ ತಾಗಿತ್ತು.

"ಏನಾತ್ರಿ? ಎದಿ ನೋವೇನ್ರಿ?" ಡಬ್ಬಿಯ ಮುಚ್ಚಳ ತೆಗೆಯಲು ಹೋದೆ.

"ನೋವಿಲ್ಲ," ಅಂದರು. ದನಿ ಸಣ್ಣದಾಗಿತ್ತು. "ನೋವಿಲ್ಲ ಗೋದಾ. ಕಾಲು ಬರವಲ್ವು. ಮುಂದೂ ಬರವಲ್ವು, ಹಿಂದೂ ಬರವಲ್ವು."

"ಎಷ್ಟೊತ್ತಾತು?"

"ಒಂದು ಬಸ್ ಹೋತು. ಹಾಲಿನ ಗಾಡಿ ಹೋತು." ಉಸಿರು ಎಳೆದುಕೊಂಡರು. "ಇಲ್ಲಿ ತನಕ ಆರಾಮ ಬಂದೆ. ಯಾರದೂ ಹಂಗಿಲ್ಲ, ಗೋವಾ ತನಕ ನಡದು ಬಿಡ್ತೇನಿ ಅಂತ ಸಿಟ್ಟಿನ್ಯಾಗ ಬಂದೆ. ಇಲ್ಲಿ ಬಂದಾಗ ನನ್ನ ಎದಿ ಸಪ್ಪಳ ನನಗ ಕೇಳಾಕತ್ತು. ಬಾಜೂಕ ಯಾರೂ ಇಲ್ಲ. ಇದು ಸರಿ ಐತೋ ಇಲ್ಲೋ ಹೇಳಾವರು ಯಾರೂ ಇಲ್ಲ. ಅಂಜಿಕಿ ಬಂತು."

ಅಂಜಿಕೆ ಎಂಬ ಶಬ್ದವನ್ನು ನನ್ನ ಗಂಡನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ತಬ್ಬಿಕೊಳ್ಳಬೇಕು ಅನಿಸಿತು. ನಡುರಸ್ತೆಯಲ್ಲಿ ನಾವು ಹಾಗೆಲ್ಲ ಮಾಡುವವರಲ್ಲ, ಅಂಗಿಯ ತೋಳು ಹಿಡಿದುಕೊಂಡೆ. ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಮನೆಗೆ ಹೋದ ಮೇಲೆ ಹೇಳಿದರಾಯಿತು ಅಂದುಕೊಂಡೆ.

ಅಷ್ಟರಲ್ಲಿ ಸ್ಕೂಟರ್ ಬಂದು ನಿಂತಿತು. ಹಿಂದೆ ಕೂತಿದ್ದ ಲಗಮಪ್ಪ ಇಳಿಯುವುದಕ್ಕೆ ಮೊದಲೇ ಜ್ಯೋತಿಬಾ ಶುರು ಮಾಡಿದರು.

"ಏ ಮಲಕ, ತಲಿ ಕೆಟ್ಟೈತೇನು? ಹತ್ತು ದಿನ ಜ್ವರದಾಗ ಬಿದ್ದಾಂವ, ಎದ್ದ ದಿನಾನ ಕೋಗಿಲಬನಕ್ಕ ಹೊಂಟೀಯಲ್ಲೋ!"

ಇವರು ಮರದಿಂದ ಹಣೆ ಎತ್ತಿದರು. "ಯಾವ ಜ್ವರ?"

"ಯಾವ ಜ್ವರ ಅಂದ್ರ? ವೈನಿ ಫೋನ್ ಮಾಡಿ ಹೇಳಿದ್ರು. ಮೂರನೇ ದಿನ ನಾ ಮನಿಗಿ ಬಂದಿದ್ದೆ. ಮಲ್ಕೊಂಡಾರ ಅಂದ್ರು, ತಿರುಗಿ ಹೋದೆ."

ಲಗಮಪ್ಪ ಒಮ್ಮೆ ಇವರನ್ನು, ಒಮ್ಮೆ ನನ್ನನ್ನು ನೋಡಿ ತಲೆ ತಗ್ಗಿಸಿದ. ಇವರು ಮೆಲ್ಲಗೆ ನನ್ನ ಕಡೆ ತಿರುಗಿದರು.

"ಹಾಲಿನವ," ಅಂದರು. ಅಷ್ಟೇ ಅಂದರು.

ಭೂಮಿ ಬಾಯಿ ಬಿಡಬಾರದೇ ಅನಿಸಿತು. "ಹೌದ್ರಿ. ನಾನ ಹೇಳಿದ್ದು," ಅಂದೆ. "ಭಾವಾರಿಗೆ ನಿಮಗ ಜ್ವರ ಅಂದೆ. ನಿಮಗ ಅವರು ಬರಂಗಿಲ್ಲಂತ ಅಂದೆ. ಎರಡೂ ಸುಳ್ಳ."

ಇವರು ಗೆಳೆಯರ ಕಡೆ ನೋಡಿದರು. ಕಣ್ಣು ತುಂಬಿದ್ದವು. "ನಾ ಬಿದ್ದರ ಹೊರೂದು ಯಾರಂತ ತಪ್ಪಿಸ್ಕೊಂಡ್ರಿ ಅಂತ ತಿಳಕೊಂಡಿದ್ದೆ. ಹತ್ತು ದಿನ ಗ್ವಾಡಿ ನೋಡ್ಕೋತ ನಿಮ್ಮಿಬ್ಬರನೂ ಬೈದೇನಿ. ಹೊಲಸ ಬೈದೇನಿ."

"ಬೈದ್ರ ಬೈದಿ, ಬಿಡು," ಅಂದರು ಜ್ಯೋತಿಬಾ.

ಇವರು ನನ್ನ ಕಡೆ ತಿರುಗಿದರು. "ನನ್ನ ಕೇಳಬೇಕಾಗಿತ್ತು ನೀನು."

"ಕೇಳಿದ್ರ ನಡಿಯಾಕ ಹೋಗ್ತೇನಿ ಅಂತಿದ್ರಿ."

"ಹೌದು, ಅಂತಿದ್ದೆ."

"ನನಗ ಅಂಜಿಕಿ ಆಗಿತ್ರಿ. ಆ ರೊಟ್ಟಿ ಮುರದ ದಿನ ನೀವು ನನ್ನ ನೋಡಿದ್ರಲ್ಲ, ಮತ್ತ ಹಂಗ ನೋಡಿದ್ರ ನಾ ಏನ ಮಾಡ್ಲಿ?" ಅಳು ತಡೆಯಲಾಗಲಿಲ್ಲ. ಇಬ್ಬರು ಪರಗಂಡಸರ ಎದುರಿಗೆ, ಹಾದಿಬದಿಯಲ್ಲಿ, ಜೋರಾಗಿ ಅತ್ತುಬಿಟ್ಟೆ.

"ನನಗೂ ದಿನಾ ಅಂಜಿಕಿ ಆಗ್ತಿತ್ತು," ಅಂದರು ಇವರು. ಗದರಲಿಲ್ಲ. ಗದರಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಇವರು ಬಾಜೂಕ ಇರ್ತಿದ್ರು ಅಂತ ನಡೀತಿದ್ದೆ. ನೀ ಅವರನ್ನ ತಗದಿ. ಕೂತ್ರ ನಾ ಉಳೀತೇನಿ ಅಂದುಕೊಂಡಿ. ಬಚ್ಚಲ ಮೆಟ್ಟಿಲ ಏರಾಕ ಆಗಲಾರದಂಗ ಆಗೇನಿ, ನೋಡಿದಿಲ್ಲೋ?"

ನೋಡಿದ್ದೆ.

ಜ್ಯೋತಿಬಾ ಸ್ಕೂಟರಿನ ಸೀಟು ತಟ್ಟಿದರು. "ಬಾ, ಕೂಡು. ಮನಿಗಿ ಬಿಡ್ತೇನಿ. ನಾಳಿಂದ ಮತ್ತ ನೋಡೂಣು."

ನನ್ನ ಮನಸ್ಸು ಕೂಡ್ರಿ, ಕೂಡ್ರಿ ಎಂದು ಒದರಿತು. ಇವರು ಸ್ಕೂಟರ್ ನೋಡಿದರು, ರಸ್ತೆ ನೋಡಿದರು, ಮರದಿಂದ ಒಂದು ಕೈ ಬಿಟ್ಟರು. ಆಮೇಲೆ ಇನ್ನೊಂದು ಕೈ ಬಿಟ್ಟರು.

"ನಡಕೋತ ಬರ್ತೇನಿ. ಲಗಮಪ್ಪ, ನೀ ಬರ್ತೀಯೇನು?"

ಲಗಮಪ್ಪ ಓಡಿ ಬಂದು ಪಕ್ಕಕ್ಕೆ ನಿಂತ. ಇಬ್ಬರೂ ಸೇತುವೆ ದಾಟಿದರು. ನಾನು ಹತ್ತು ಹೆಜ್ಜೆ ಹಿಂದೆ, ನನ್ನ ಹಿಂದೆ ಜ್ಯೋತಿಬಾ ಸ್ಕೂಟರನ್ನು ನೂಕಿಕೊಂಡು. ಇವರು ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಬೇಕೆಂದು ಕೇಳುವ ಮುಖ ನನಗೂ ಇರಲಿಲ್ಲ.

ಸೇತುವೆಯಿಂದ ಊರಿಗೆ ಏರು. ಹತ್ತು ದಿನ ಕೂತ ಕಾಲು, ಹತ್ತು ದಿನ ಕೂತ ಎದೆ. ಅರ್ಧ ಏರಿನಲ್ಲಿ ಇವರು ನಿಂತುಬಿಟ್ಟರು. ಎರಡೂ ಕೈ ಸೊಂಟದ ಮೇಲೆ. ಹೆಗಲು ಮೇಲೆ ಕೆಳಗೆ ಆಗುತ್ತಿತ್ತು. ಲಗಮಪ್ಪ ಅವರ ಮುಖ ನೋಡುತ್ತ ಸುಮ್ಮನೆ ಕಾದ. ಕುತ್ತಿಗೆಯ ಹಿಂದೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ಜ್ಯೋತಿಬಾ ನನ್ನ ಪಕ್ಕಕ್ಕೆ ಬಂದು ನಿಂತು ನನ್ನನ್ನೇ ನೋಡಿದರು. ಒಂದು ಮಾತು ಸಾಕಿತ್ತು. ನಾನು ಬೇಡ ಅಂದರೆ ಅವರು ಇವರನ್ನು ಎತ್ತಿಯಾದರೂ ಸ್ಕೂಟರ್ ಮೇಲೆ ಕೂರಿಸುತ್ತಿದ್ದರು.

ಇವರು ಅರ್ಧ ತಿರುಗಿದರು. ನಾನು ಹೇಳುವುದನ್ನೇ ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು.

ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಹಲ್ಲು ಕಚ್ಚಿ ನಿಂತೆ. ಅಂಜಿಕೆ ಕಿಂಚಿತ್ತೂ ಕಡಿಮೆಯಾಗಿರಲಿಲ್ಲ. ಇದೇ ಕೊನೆಯ ಸಲ ನೋಡುತ್ತಿದ್ದೇನೇನೋ ಅನಿಸಿತು. ಆದರೂ ಬಾಯಿ ಬಿಡಲಿಲ್ಲ.

ಇವರು ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಸೊಂಟದಿಂದ ಕೈ ತೆಗೆದರು. ಏರಿನ ಕಡೆ ಮುಖ ಮಾಡಿ ಮತ್ತೆ ನಡೆದರು.